ಮಾಡದ ಸಾಲಕ್ಕೆ ಬಂದ ನೋಟಿಸು, ಹೆದರಿ ಕಟ್ಟಿದ ಹಣ: ಟರ್ಕಿಯ ಕಾನೂನಿನಲ್ಲಿ ಪರಿಹಾರ ಪಡೆಯುವ ಕ್ರಮ

ಟರ್ಕಿಯಲ್ಲಿ ಓದುತ್ತಿರುವವರು, ಅಲ್ಲಿ ಕೆಲಸ ಮುಗಿಸಿ ಊರಿಗೆ ಮರಳಿದವರು, ಅಲ್ಲಿಂದ ಅಮೃತಶಿಲೆಯನ್ನೋ ಯಂತ್ರವನ್ನೋ ತರಿಸಿಕೊಳ್ಳುವ ವ್ಯಾಪಾರಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಕೊಡಬೇಕಿಲ್ಲದ ಹಣಕ್ಕೆ ಅಲ್ಲಿನ ಸರ್ಕಾರಿ ಕಚೇರಿಯಿಂದ ನೋಟಿಸು ಬಂದಿದೆ, ಏನು ಮಾಡಬೇಕು ಎಂಬುದು ಮೊದಲನೆಯದು. ಬ್ಯಾಂಕ್ ಖಾತೆ ಜಪ್ತಿಯಾದೀತೆಂದು ಹೆದರಿ ಕಟ್ಟಿಬಿಟ್ಟಾಯಿತು, ಈಗ ವಾಪಸು ಪಡೆಯಬಹುದೇ ಎಂಬುದು ಎರಡನೆಯದು. ಎರಡಕ್ಕೂ ಅಲ್ಲಿನ ಕಾನೂನಿನಲ್ಲಿ ದಾರಿಯಿದೆ. ಆದರೆ ಪ್ರತಿ ದಾರಿಗೂ ದಿನದ ಲೆಕ್ಕವಿದೆ, ಮತ್ತು ನ್ಯಾಯ ತಮ್ಮ ಕಡೆಗಿದ್ದೂ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಈ ಲೆಕ್ಕ ತಪ್ಪಿದ್ದರಿಂದಲೇ.

ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಸಾಲ ಕೊಟ್ಟವನು ದಾವೆ ಹೂಡಿ, ಡಿಕ್ರಿ ಪಡೆದು, ಆಮೇಲೆ ಅಮಲ್ಜಾರಿ ಅರ್ಜಿ, ಅಂದರೆ ಆ ಹಣವನ್ನು ವಸೂಲು ಮಾಡಿಸಿಕೊಡಿ ಎಂಬ ಅರ್ಜಿ, ಹಾಕಬೇಕು. ಅಮೀನರು ಬಾಗಿಲಿಗೆ ಬರುವುದು ಕೊನೆಯಲ್ಲಿ. ಟರ್ಕಿಯಲ್ಲಿ ಈ ಕ್ರಮ ತಲೆಕೆಳಗಾಗಬಹುದು. 1932ರಲ್ಲಿ ಸ್ವಿಟ್ಜರ್ಲೆಂಡಿನ ಮಾದರಿಯಲ್ಲಿ ಜಾರಿಗೆ ಬಂದ 2004ನೇ ಸಂಖ್ಯೆಯ ‘ಅಮಲ್ಜಾರಿ ಮತ್ತು ದಿವಾಳಿ ಕಾಯ್ದೆ’ಯ ಪ್ರಕಾರ, ತನಗೆ ಹಣ ಬರಬೇಕೆನ್ನುವ ಯಾರೇ ಆಗಲಿ ತೀರ್ಪಿಲ್ಲದೆ, ಕೆಲವೊಮ್ಮೆ ಒಂದು ಚೀಟಿಯೂ ಇಲ್ಲದೆ, ನೇರವಾಗಿ ‘ಇಜ್ರಾ ದಾಯಿರೆಸಿ’ ಎಂಬ ಅಮಲ್ಜಾರಿ ಕಚೇರಿಗೆ ಅರ್ಜಿ ಕೊಡಬಹುದು. ಇದಕ್ಕೆ ‘ಇಲಾಮ್‌ಸಿಜ್ ಇಜ್ರಾ’, ಅಂದರೆ ತೀರ್ಪಿಲ್ಲದ ಅಮಲ್ಜಾರಿ, ಎಂದು ಹೆಸರು. ಸಾಲ ನಿಜವೋ ಸುಳ್ಳೋ ಎಂದು ಆ ಕಚೇರಿ ವಿಚಾರಿಸುವುದಿಲ್ಲ; ‘ಓದೆಮೆ ಎಮ್ರಿ’ ಎಂಬ ಪಾವತಿ ಆದೇಶವನ್ನು ನಿಮಗೆ ಕಳುಹಿಸುತ್ತದೆ, ಅಷ್ಟೇ. ನೀವು ಸುಮ್ಮನಿದ್ದರೆ ಆ ಆದೇಶ ಅಂತಿಮವಾಗಿ ಜಪ್ತಿಯ ದಾರಿ ತೆರೆದುಕೊಳ್ಳುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಅಲ್ಲಿ ಅಕ್ಷರಶಃ ಕಾನೂನು.

ಪದಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಟರ್ಕಿಯ ‘ದಾವಾ’ ನಮ್ಮ ದಾವೆಯೇ, ‘ವೆಕಾಲೆತ್’ ನಮ್ಮ ವಕಾಲತ್ತೇ. ಎರಡು ನಾಡುಗಳಿಗೂ ಈ ಪದಗಳು ಅರಬಿ ಮೂಲದಿಂದಲೇ ಬಂದಿವೆ. ಆದರೆ ‘ಸೆನೆತ್’ ಎಂಬುದನ್ನು ನಮ್ಮ ಸನದು ಎಂದುಕೊಂಡು ಸಹಿ ಹಾಕಿದರೆ ಕೆಟ್ಟಿರಿ. ಅಲ್ಲಿನ ಆಡುಮಾತಿನಲ್ಲಿ ಸೆನೆತ್ ಎಂದರೆ ಹಣ ಕೊಡುತ್ತೇನೆಂದು ಬರೆದುಕೊಡುವ ಪ್ರೋನೋಟು. ಕಾನೂನಿನ ಭಾಷೆಯಲ್ಲಿ ಅದು ‘ಬೊನೊ’.

1. ಲಕೋಟೆಯ ಮೇಲಿನ ತಾರೀಖನ್ನು ಬರೆದಿಟ್ಟುಕೊಳ್ಳಿ

ಎಲ್ಲ ಅವಧಿಗಳೂ ಆದೇಶ ನಿಮಗೆ ಜಾರಿಯಾದ ದಿನದಿಂದ ಶುರುವಾಗುತ್ತವೆ. ಜಾರಿಯಾದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊನೆಯ ದಿನ ಸರ್ಕಾರಿ ರಜೆಯಾದರೆ ಮುಂದಿನ ಕೆಲಸದ ದಿನದವರೆಗೆ ಅವಕಾಶವಿದೆ. ಜುಲೈ 20ರಿಂದ ಆಗಸ್ಟ್ 31ರವರೆಗಿನ ನ್ಯಾಯಾಲಯದ ಬೇಸಿಗೆ ರಜೆ ಅಮಲ್ಜಾರಿ ಕಚೇರಿಗೆ ಅನ್ವಯಿಸುವುದಿಲ್ಲವಾದ್ದರಿಂದ ಅದನ್ನು ನಂಬಿ ಕೂರಬೇಡಿ.

ನೀವು ಮನೆಯಲ್ಲಿ ಇಲ್ಲದಿದ್ದರೆ ಅಂಚೆಯವನು ಲಕೋಟೆಯನ್ನು ‘ಮುಹ್ತಾರ್’, ಅಂದರೆ ಆ ಮೊಹಲ್ಲಾದ ಚುನಾಯಿತ ಮುಖ್ಯಸ್ಥನ ವಶಕ್ಕೆ ಕೊಟ್ಟು, ನಿಮ್ಮ ಬಾಗಿಲಿಗೆ ಒಂದು ಸೂಚನಾ ಚೀಟಿ ಅಂಟಿಸಿ ಹೋಗುತ್ತಾನೆ. ಚೀಟಿ ಅಂಟಿಸಿದ ದಿನವೇ ಜಾರಿಯಾದ ದಿನ. ನೀವು ಮುಹ್ತಾರ್ ಬಳಿಗೆ ಹೋಗಿ ಲಕೋಟೆ ಬಿಡಿಸಿಕೊಂಡ ದಿನವಲ್ಲ. ಮಳೆಗೆ ಉದುರಿದ ಚೀಟಿಯನ್ನು ನೀವು ನೋಡದೇ ಇದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ.

ಇದಕ್ಕಿಂತ ದೊಡ್ಡ ಹೊಂಡ ಇನ್ನೊಂದಿದೆ. ಅಲ್ಲಿ ವಾಸಿಸುವವರ ವಿಳಾಸವನ್ನು ‘ಮೆರ್ನಿಸ್’ ಎಂಬ ಕೇಂದ್ರ ನೋಂದಣಿಯಲ್ಲಿ ದಾಖಲಿಸುತ್ತಾರೆ. ಆ ದಾಖಲೆಯ ವಿಳಾಸಕ್ಕೆ, ಅದು ನೋಂದಾಯಿತ ವಿಳಾಸ ಎಂಬ ಟಿಪ್ಪಣಿಯೊಡನೆ ಬಂದ ನೋಟಿಸು, ನೀವು ಆ ಮನೆ ಬಿಟ್ಟು ವರ್ಷವಾಗಿದ್ದರೂ ಜಾರಿಯಾದಂತೆಯೇ ಲೆಕ್ಕ. ಆದ್ದರಿಂದ ಮನೆ ಬದಲಿಸಿದಾಗ ವಿಳಾಸ ತಿದ್ದಿಸಿ. ‘ಇ-ದೆವ್ಲೆತ್’ ಎಂಬ ಸರ್ಕಾರಿ ಜಾಲತಾಣದ ಪ್ರವೇಶ ನಿಮಗಿದ್ದರೆ, ನಿಮ್ಮ ಹೆಸರಿನಲ್ಲಿ ಅಮಲ್ಜಾರಿ ಕಡತ ತೆರೆದಿದೆಯೇ ಎಂಬುದನ್ನು ಅಲ್ಲಿಯೇ ನೋಡಬಹುದು. ಟರ್ಕಿ ಬಿಟ್ಟು ಬಂದವರೂ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು.

2. ಬಂದಿರುವ ಆದೇಶ ಯಾವ ಬಗೆಯದು ಎಂದು ಗುರುತಿಸಿ

ಸಾಮಾನ್ಯ ತೀರ್ಪಿಲ್ಲದ ಅಮಲ್ಜಾರಿಯಾದರೆ ಆಕ್ಷೇಪಣೆಗೆ 7 ದಿನ, ಮತ್ತು ಅದನ್ನು ಕೊಡಬೇಕಾದದ್ದು ಅಮಲ್ಜಾರಿ ಕಚೇರಿಗೆ. ಬೊನೊ ಅಥವಾ ಚೆಕ್ಕಿನ ಆಧಾರದ ವಿಶೇಷ ಅಮಲ್ಜಾರಿಯಾದರೆ 5 ದಿನ ಮಾತ್ರ, ಮತ್ತು ಹೋಗಬೇಕಾದದ್ದು ‘ಇಜ್ರಾ ಮಹ್ಕೆಮೆಸಿ’ ಎಂಬ ಅಮಲ್ಜಾರಿ ನ್ಯಾಯಾಲಯಕ್ಕೆ. ಎರಡನೆಯ ಬಗೆಯಲ್ಲಿ ಹಣ ಕಟ್ಟಲು 10 ದಿನ ಎಂದು ಅದೇ ಹಾಳೆಯಲ್ಲಿ ಬರೆದಿರುತ್ತದೆ. ಅದನ್ನೇ ಆಕ್ಷೇಪಣೆಯ ಅವಧಿ ಎಂದು ಓದಿಕೊಂಡು ಕೆಟ್ಟವರಿದ್ದಾರೆ.

ತೆರಿಗೆ ಮುಂತಾದ ಸರ್ಕಾರಿ ಬಾಕಿಯ ಆದೇಶವಾದರೆ ಈ ಲೇಖನ ನಿಮಗೆ ಅನ್ವಯಿಸುವುದಿಲ್ಲ. ಅದಕ್ಕೆ 6183ನೇ ಸಂಖ್ಯೆಯ ಬೇರೆಯ ಕಾಯ್ದೆಯಿದೆ, ಅವಧಿ 15 ದಿನ.

3. ಆಕ್ಷೇಪಣೆ ಕೊಡಿ

ಸಾಮಾನ್ಯ ಬಗೆಯಲ್ಲಿ ಇದು ಬಹಳ ಸರಳವಾದ ಕೆಲಸ, ಮತ್ತು ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಅಗ್ಗದ ರಕ್ಷಣೆ. ಒಂದು ಬಿಳಿ ಹಾಳೆಯಲ್ಲಿ ಕಚೇರಿಯ ಹೆಸರು, ‘ಎಸಾಸ್’ ಎಂದು ಕರೆಯುವ ಕಡತದ ವರ್ಷ ಮತ್ತು ಸಂಖ್ಯೆ, ನಿಮ್ಮ ಹೆಸರು, ವಿಳಾಸ ಬರೆದು ಈ ವಾಕ್ಯ ಸೇರಿಸಿದರೆ ಸಾಕು: ‘ಬೋರ್ಜಾ, ಫಾಯಿಜೆ ವೆ ಬ್ಯುತ್ಯುನ್ ಫೆರಿಲೆರಿನೆ ಇತಿರಾಜ್ ಎದಿಯೋರುಮ್’. ಸಾಲಕ್ಕೂ ಬಡ್ಡಿಗೂ ಅದರ ಜೊತೆಗಿನ ಎಲ್ಲ ಬಾಬತ್ತುಗಳಿಗೂ ಆಕ್ಷೇಪಿಸುತ್ತೇನೆ ಎಂಬುದು ಇದರ ಅರ್ಥ. ಕಾರಣ ಕೊಡಬೇಕೆಂಬ ಕಡ್ಡಾಯವಿಲ್ಲ. ಬಾಯಿಮಾತಿನಲ್ಲಿ ಹೇಳಿ ದಾಖಲಿಸಲೂಬಹುದು. ನೀವು ಬೇರೆ ಊರಿನಲ್ಲಿದ್ದರೆ ಅಲ್ಲಿನ ಅಮಲ್ಜಾರಿ ಕಚೇರಿಗೇ ಕೊಡಬಹುದು, ಅವರು ಕಳುಹಿಸಿಕೊಡುತ್ತಾರೆ. ಆಕ್ಷೇಪಣೆ ಸಲ್ಲಿಸಿದ್ದಕ್ಕೆ ಉಚಿತವಾಗಿ ಒಂದು ಪತ್ರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ.

ಮೂರು ಕಡೆ ಎಡವಬೇಡಿ. ಸಹಿ ನಿಮ್ಮದಲ್ಲದಿದ್ದರೆ ‘ಇಮ್ಜಾಯಾ ದಾ ಇತಿರಾಜ್ ಎದಿಯೋರುಮ್’, ಅಂದರೆ ಸಹಿಗೂ ಆಕ್ಷೇಪಿಸುತ್ತೇನೆ, ಎಂದು ಪ್ರತ್ಯೇಕವಾಗಿ, ಸ್ಪಷ್ಟವಾಗಿ ಬರೆಯಬೇಕು. ಸಾಲವಿಲ್ಲ ಎಂದಷ್ಟೇ ಹೇಳಿದರೆ ಆ ಅಮಲ್ಜಾರಿಯ ಮಟ್ಟಿಗೆ ಸಹಿಯನ್ನು ಒಪ್ಪಿದಂತೆ. ಹಾಗೆಂದು ನಿಮ್ಮದೇ ಸಹಿಯನ್ನು ಅಲ್ಲಗಳೆದು ಅದು ಸಾಬೀತಾದರೆ ಮೊತ್ತದ ಶೇ. 10ರಷ್ಟು ದಂಡವಿದೆ. ಎರಡನೆಯದಾಗಿ, ಸ್ವಲ್ಪ ಹಣ ಕೊಡಬೇಕಿರುವುದು ನಿಜ, ಉಳಿದದ್ದು ಸುಳ್ಳು ಎಂದಾದರೆ, ಎಷ್ಟು ಲೀರಾಕ್ಕೆ ಆಕ್ಷೇಪಣೆ ಎಂಬ ಅಂಕಿಯನ್ನು ಬರೆಯಲೇಬೇಕು. ‘ಇಷ್ಟೊಂದು ಇಲ್ಲ’ ಎಂದು ಬರೆದರೆ ಆಕ್ಷೇಪಣೆ ಕೊಡದವರಿಗೆ ಸಮ. ಮೂರನೆಯದು, ಆ ಊರಿನ ಕಚೇರಿಗೆ ಅಧಿಕಾರವೇ ಇಲ್ಲ ಎನ್ನುವುದಿದ್ದರೆ ಅದನ್ನೂ ಇದೇ ಅರ್ಜಿಯಲ್ಲಿ ಹೇಳಬೇಕು.

ಅವಧಿಯೊಳಗೆ ಆಕ್ಷೇಪಣೆ ಬಿದ್ದರೆ ಅಮಲ್ಜಾರಿ ತಾನಾಗಿ ನಿಲ್ಲುತ್ತದೆ. ಮುಂದಿನ ಹೆಜ್ಜೆ ಇಡಬೇಕಾದವನು ಎದುರಾಳಿ: ಕೈಯಲ್ಲಿ ಬಲವಾದ ದಾಖಲೆಯಿದ್ದರೆ 6 ತಿಂಗಳೊಳಗೆ ಅಮಲ್ಜಾರಿ ನ್ಯಾಯಾಲಯಕ್ಕೆ, ಇಲ್ಲದಿದ್ದರೆ 1 ವರ್ಷದೊಳಗೆ ಸಾಮಾನ್ಯ ನ್ಯಾಯಾಲಯಕ್ಕೆ ಹೋಗಬೇಕು. ಆದರೆ ನಿಜವಾಗಿ ಕೊಡಬೇಕಾದ, ಲೆಕ್ಕ ಸ್ಪಷ್ಟವಾಗಿರುವ ಹಣಕ್ಕೆ ಕಾಲ ತಳ್ಳಲು ಆಕ್ಷೇಪಿಸಿದರೆ, ಸೋತಾಗ ಶೇ. 20ಕ್ಕೆ ಕಡಿಮೆಯಿಲ್ಲದ ಪರಿಹಾರ ತಲೆಗೆ ಬರುತ್ತದೆ. ಬೊನೊ, ಚೆಕ್ಕಿನ ಬಗೆಯಲ್ಲಿ ಆಕ್ಷೇಪಣೆಯಿಂದ ಹರಾಜು ಮಾತ್ರ ನಿಲ್ಲುತ್ತದೆ. ಜಪ್ತಿಯೂ ನಿಲ್ಲಬೇಕಾದರೆ ನ್ಯಾಯಾಲಯದ ಪ್ರತ್ಯೇಕ ಆದೇಶ ಬೇಕು.

4. ಅವಧಿ ಮೀರಿದೆಯೇ? ಮೊದಲು ಏಕೆ ಮೀರಿತು ಎಂದು ನೋಡಿ

ನೋಟಿಸು ನಿಯಮದಂತೆ ಜಾರಿಯಾಗಿಲ್ಲದಿದ್ದರೆ, ಉದಾಹರಣೆಗೆ ಬಾಗಿಲಿಗೆ ಚೀಟಿಯನ್ನೇ ಅಂಟಿಸಿರದಿದ್ದರೆ, ನಿಮಗೆ ವಿಷಯ ತಿಳಿದ ದಿನವೇ ಜಾರಿಯಾದ ದಿನವೆನಿಸುತ್ತದೆ. ತಿಳಿದ 7 ದಿನಗಳೊಳಗೆ ಅಮಲ್ಜಾರಿ ನ್ಯಾಯಾಲಯಕ್ಕೆ ‘ಶಿಕಾಯೆತ್’, ಅಂದರೆ ದೂರು ಕೊಡಿ, ಜೊತೆಗೇ ಆಕ್ಷೇಪಣೆಯನ್ನೂ ಸಲ್ಲಿಸಿಬಿಡಿ. ಜಾರಿ ಸರಿಯಾಗಿಯೇ ಆಗಿದ್ದು, ನೀವು ಆಸ್ಪತ್ರೆಯಲ್ಲಿದ್ದುದರಿಂದಲೋ ನಿಮ್ಮದಲ್ಲದ ಬೇರೆ ತಪ್ಪಿನಿಂದಲೋ ಆಕ್ಷೇಪಿಸಲು ಆಗಿರದಿದ್ದರೆ, ಆ ಅಡ್ಡಿ ತೀರಿದ 3 ದಿನಗಳೊಳಗೆ ದಾಖಲೆಯೊಡನೆ ‘ತಡವಾದ ಆಕ್ಷೇಪಣೆ’ ಸಲ್ಲಿಸಬಹುದು.

ಎರಡೂ ಅನ್ವಯಿಸದಿದ್ದರೆ ಆದೇಶ ಅಂತಿಮವಾಗಿದೆ ಎಂದು ತಿಳಿಯಿರಿ. ಆದರೆ ಅಂತಿಮವಾಗಿರುವುದು ಅಮಲ್ಜಾರಿ ಮಾತ್ರ, ಸಾಲ ಸಾಬೀತಾಗಿಲ್ಲ. ಇಲ್ಲಿಂದ ಮುಂದಿನದೆಲ್ಲ ಅದೇ ಕಾಯ್ದೆಯ 72ನೇ ವಿಧಿಯ ಮಾತು. ತಪ್ಪಾಗಿ ಸಂದ ಹಣವನ್ನು ಹಿಂದಿರುಗಿಸಬೇಕೆನ್ನುವ ನಮ್ಮ 1872ರ ಕರಾರು ಅಧಿನಿಯಮದ ಪ್ರಕರಣದ ಸಂಖ್ಯೆಯೂ 72 ಎಂಬುದು ಆಕಸ್ಮಿಕ, ನೆನಪಿಟ್ಟುಕೊಳ್ಳಲು ಅನುಕೂಲ.

5. ಹಣ ಕಟ್ಟುವ ಮೊದಲು: ‘ಮೆನ್ಫಿ ತೆಸ್ಪಿತ್’ ದಾವೆ

‘ನಾನು ಈತನಿಗೆ ಸಾಲಗಾರನಲ್ಲ’ ಎಂದು ನ್ಯಾಯಾಲಯದಿಂದ ಘೋಷಣೆ ಪಡೆಯುವ ದಾವೆ ಇದು. ನಮ್ಮ ಘೋಷಣಾ ದಾವೆಯ ನಕಾರಾತ್ಮಕ ರೂಪ ಎನ್ನಬಹುದು. ಹಣ ಪೂರ್ತಿ ಸಂದಾಯವಾಗುವವರೆಗೆ ಯಾವಾಗ ಬೇಕಾದರೂ ಹೂಡಬಹುದು; ನೋಟರಿ ಮೂಲಕ ಬೆದರಿಕೆಯ ಪತ್ರ ಬಂದಿದೆ, ಅಥವಾ ನಿಮ್ಮ ಸಹಿಯಿರುವ ಬೊನೊ ಇನ್ನೊಬ್ಬನ ಕೈಯಲ್ಲಿದೆ ಎಂದಾದರೆ ಅಮಲ್ಜಾರಿ ಶುರುವಾಗುವ ಮೊದಲೇ ಹೂಡಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲೇ ಹೂಡುವುದೇ ಜಾಣತನ, ಏಕೆಂದರೆ ತಡೆಯಾಜ್ಞೆಯ ನಿಯಮ ಎರಡು ಸಂದರ್ಭಗಳಲ್ಲಿ ಬೇರೆ ಬೇರೆ.

ಅಮಲ್ಜಾರಿಗೆ ಮೊದಲೇ ದಾವೆ ಹೂಡಿದರೆ, ಮೊತ್ತದ ಕನಿಷ್ಠ ಶೇ. 15ರಷ್ಟು ಭದ್ರತೆ ಪಡೆದು ನ್ಯಾಯಾಲಯ ಇಡೀ ಅಮಲ್ಜಾರಿಯನ್ನೇ ನಿಲ್ಲಿಸಬಹುದು. ಅಮಲ್ಜಾರಿ ಶುರುವಾದ ಮೇಲೆ ಹೂಡಿದರೆ ಅದನ್ನು ನಿಲ್ಲಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಅಷ್ಟೇ ಭದ್ರತೆಯ ಮೇಲೆ, ಅಮಲ್ಜಾರಿ ಕಚೇರಿಯ ಖಜಾನೆಗೆ ಬಂದ ಹಣವನ್ನು ಎದುರಾಳಿಗೆ ಕೊಡದಂತೆ ಮಾತ್ರ ತಡೆಯಬಹುದು. ಇದು ಚಿಕ್ಕದೆನಿಸಿದರೂ ಉಪಯುಕ್ತ. ಕೇಳಿದ ಮೊತ್ತವನ್ನು ಖಜಾನೆಯಲ್ಲಿ ಇಟ್ಟುಬಿಟ್ಟರೆ ಮನೆಯ ಸಾಮಾನಿಗೆ ಕೈ ಹಾಕಲು ಕಾರಣ ಉಳಿಯುವುದಿಲ್ಲ, ಹಣವೂ ಎದುರಾಳಿಯ ಕೈ ಸೇರಿ ಕರಗುವುದಿಲ್ಲ.

ಒಂದು ಲಕ್ಷ ಲೀರಾದ ವ್ಯಾಜ್ಯ ಎಂದಿಟ್ಟುಕೊಳ್ಳಿ. ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕ ಸಾವಿರಕ್ಕೆ 68.31ರಂತೆ 6,831 ಲೀರಾ. ಅದರ ಕಾಲು ಭಾಗ, ಅಂದರೆ 1,707.75 ಲೀರಾ, ಹೂಡುವಾಗಲೇ ಕಟ್ಟಬೇಕು. ಇದಲ್ಲದೆ ಅರ್ಜಿ ಶುಲ್ಕ, ಖರ್ಚಿನ ಮುಂಗಡ ಬೇರೆ. ತಡೆ ಬೇಕಿದ್ದರೆ ಕನಿಷ್ಠ 15,000 ಲೀರಾ ಭದ್ರತೆ, ನಗದಾಗಿ ಅಥವಾ ಬ್ಯಾಂಕ್ ಗ್ಯಾರಂಟಿಯಾಗಿ. ತಡೆ ಪಡೆದು ಕೊನೆಗೆ ಸೋತರೆ ಎದುರಾಳಿಗೆ ಕನಿಷ್ಠ 20,000 ಲೀರಾ ಪರಿಹಾರ. ಗೆದ್ದರೆ, ಅಮಲ್ಜಾರಿ ಅನ್ಯಾಯದ್ದೂ ದುರುದ್ದೇಶದ್ದೂ ಎಂದು ಕಂಡುಬಂದಲ್ಲಿ, ಅಷ್ಟೇ ಪರಿಹಾರ ನಿಮಗೆ. 2012ರವರೆಗೆ ಈ ಪ್ರಮಾಣ ಶೇ. 40 ಇತ್ತು, ಹಳೆಯ ಬರಹಗಳಲ್ಲಿ ಅದನ್ನು ಕಂಡು ಗಲಿಬಿಲಿಯಾಗಬೇಡಿ. ನಿಮಗೆ ಬರಬೇಕಾದ ಪರಿಹಾರವನ್ನು ಅರ್ಜಿಯಲ್ಲಿ ಕೇಳಿದ್ದರೆ ಮಾತ್ರ ಕೊಡುತ್ತಾರೆ.

ದಾವೆಯನ್ನು ಹೂಡಬೇಕಾದದ್ದು ಅಮಲ್ಜಾರಿ ಕಚೇರಿಯಿರುವ ಊರಿನಲ್ಲಿ ಅಥವಾ ಪ್ರತಿವಾದಿಯ ವಾಸಸ್ಥಳದಲ್ಲಿ. ಯಾವ ನ್ಯಾಯಾಲಯ ಎಂಬುದು ಮೂಲ ವ್ಯವಹಾರವನ್ನು ಅವಲಂಬಿಸಿದೆ: ವ್ಯಾಪಾರಕ್ಕೆ ವಾಣಿಜ್ಯ ನ್ಯಾಯಾಲಯ, ಅಂಗಡಿಯ ಕಂತಿಗೆ ಗ್ರಾಹಕ ನ್ಯಾಯಾಲಯ, ಮನೆ ಬಾಡಿಗೆಗೆ ‘ಸುಲ್ಹ್ ಹುಕುಕ್’ ಎಂಬ ಕೆಳ ಸಿವಿಲ್ ನ್ಯಾಯಾಲಯ. ಇದನ್ನು ಅಮಲ್ಜಾರಿ ನ್ಯಾಯಾಲಯಕ್ಕೆ ಕೊಂಡೊಯ್ಯುವುದು ಸಾಮಾನ್ಯ ತಪ್ಪು.

6. ಮಧ್ಯಸ್ಥಿಕೆಯನ್ನು ಮರೆಯಬೇಡಿ

ವಾಣಿಜ್ಯ ವ್ಯಾಜ್ಯಗಳಲ್ಲಿ ಹಣ ವಸೂಲಿ ದಾವೆಗೆ ಮೊದಲು ಮಧ್ಯಸ್ಥಗಾರನ ಬಳಿ ಹೋಗುವುದು 2019ರಿಂದ ಕಡ್ಡಾಯ. ಸಾಲವಿಲ್ಲವೆಂಬ ದಾವೆಗೂ ಇದು ಬೇಕೇ ಎಂಬ ಬಗ್ಗೆ ಹಿಂದೆ ಗೊಂದಲವಿತ್ತು. 2023ರ ಸೆಪ್ಟೆಂಬರ್ 1ರಿಂದ ಕಾಯ್ದೆಯಲ್ಲೇ ಈ ದಾವೆಯನ್ನೂ ಹಣ ವಾಪಸಾತಿಯ ದಾವೆಯನ್ನೂ ಹೆಸರಿಸಿ ಸೇರಿಸಲಾಗಿದೆ. ಅದೇ ದಿನದಿಂದ ಬಾಡಿಗೆ ವ್ಯಾಜ್ಯಗಳಿಗೂ ಮಧ್ಯಸ್ಥಿಕೆ ಬಂದಿದೆ, ಗ್ರಾಹಕ ನ್ಯಾಯಾಲಯಗಳಿಗೆ 2020ರಿಂದಲೇ ಇದೆ. ಮಧ್ಯಸ್ಥಿಕೆಗೆ ಹೋಗದೆ ಹೂಡಿದ ದಾವೆ ವಿಚಾರಣೆಯಿಲ್ಲದೆಯೇ ವಜಾ ಆಗುತ್ತದೆ. ವಾಣಿಜ್ಯ ವ್ಯಾಜ್ಯದಲ್ಲಿ ಮಧ್ಯಸ್ಥಗಾರನಿಗೆ 6 ವಾರ, ಬೇಕಿದ್ದರೆ ಇನ್ನೆರಡು ವಾರ. ಅರ್ಜಿ ಕೊಟ್ಟ ದಿನದಿಂದ ಕೊನೆಯ ವರದಿಯ ದಿನದವರೆಗೆ ದಾವೆಯ ಕಾಲಮಿತಿ ಓಡುವುದಿಲ್ಲ.

7. ಪುರಾವೆ ಯಾರ ಮೇಲೆ?

ನೀವು ವಾದಿಯಾದರೂ, ಸಾಲವೇ ಹುಟ್ಟಿಲ್ಲ ಎನ್ನುವುದು ನಿಮ್ಮ ವಾದವಾದರೆ, ಸಾಲವಿದೆ ಎಂದು ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ಪ್ರತಿವಾದಿಯದು. ಸಾಲವಿತ್ತು, ತೀರಿಸಿದ್ದೇನೆ ಎಂದರೆ ಹೊಣೆ ನಿಮ್ಮದು. ನಿಮ್ಮ ಸಹಿಯ ಬೊನೊ ಇದ್ದರಂತೂ ಹೊಣೆ ನಿಮ್ಮ ಹೆಗಲಿಗೇ ಬರುತ್ತದೆ, ಮತ್ತು ಬರಹದ ದಾಖಲೆಯ ವಿರುದ್ಧದ ಮಾತನ್ನು, ಮೊತ್ತ ಎಷ್ಟೇ ಚಿಕ್ಕದಿರಲಿ, ಬರಹದಿಂದಲೇ ಸಾಬೀತು ಮಾಡಬೇಕು. ಪಕ್ಕದಲ್ಲಿ ಕೂತು ಎಲ್ಲವನ್ನೂ ಕಂಡ ಗೆಳೆಯನ ಸಾಕ್ಷಿ ಅಲ್ಲಿ ನಡೆಯುವುದಿಲ್ಲ.

ಇಲ್ಲಿ ಬೊನೊದ ಹಾಳೆಯನ್ನೇ ಹತ್ತಿರದಿಂದ ನೋಡಬೇಕು. ಅಚ್ಚು ಹಾಕಿದ ಸಾಲಿನಲ್ಲಿ ‘ನಕ್ದೆನ್’ ಅಥವಾ ‘ಮಾಲೆನ್’ ಎಂಬ ಪದ ತುಂಬಿರುತ್ತಾರೆ; ನಗದು ಪಡೆದದ್ದಕ್ಕೆ, ಸರಕು ಪಡೆದದ್ದಕ್ಕೆ ಎಂದು ಅರ್ಥ. ಹಾಳೆಯಲ್ಲಿ ‘ಮಾಲೆನ್’ ಎಂದಿದ್ದು, ಎದುರಾಳಿ ವಿಚಾರಣೆಯಲ್ಲಿ ‘ನಾನು ನಗದು ಸಾಲ ಕೊಟ್ಟಿದ್ದೆ’ ಎಂದುಬಿಟ್ಟರೆ, ತನ್ನ ಕಾಗದಕ್ಕೆ ತಾನೇ ಬೇರೆ ಕಾರಣ ಹೇಳಿದಂತಾಗಿ ಪುರಾವೆಯ ಹೊಣೆ ಅವನಿಗೆ ವರ್ಗವಾಗುತ್ತದೆ. ಆ ಒಂದು ಪದದಿಂದ ಮೊಕದ್ದಮೆಯೇ ತಿರುಗಬಹುದಾದ್ದರಿಂದ ಬೊನೊದ ಎರಡೂ ಬದಿಯ ಪ್ರತಿಯನ್ನು ಮೊದಲು ಪಡೆಯಿರಿ. ಹಿಂಬದಿ ಏಕೆಂದರೆ, ಅದು ‘ಜಿರೊ’ ಎಂಬ ಹಿಂಬರಹದ ಮೂಲಕ ಮೂರನೆಯವನಿಗೆ ದಾಟಿರಬಹುದು. ಬೇಕೆಂದೇ ನಿಮಗೆ ಹಾನಿ ಮಾಡಲು ಅವನು ಬೊನೊ ಪಡೆದಿದ್ದರೆ ಹೊರತು, ಮೊದಲಿನವನ ಜೊತೆಗಿನ ನಿಮ್ಮ ತಕರಾರು ಈ ಮೂರನೆಯವನ ವಿರುದ್ಧ ನಡೆಯುವುದಿಲ್ಲ. ದಾವೆಯಲ್ಲಿ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡಿ.

ಅಂಗಡಿಯಿಂದ ಪೀಠೋಪಕರಣವನ್ನೋ ಫೋನನ್ನೋ ಕಂತಿನಲ್ಲಿ ಕೊಂಡಿದ್ದರೆ ಇನ್ನೊಂದು ಬಲವಿದೆ: ಗ್ರಾಹಕ ವ್ಯವಹಾರದಲ್ಲಿ ಬೊನೊ ನಿರ್ದಿಷ್ಟ ವ್ಯಕ್ತಿಯ ಹೆಸರಿಗೇ ಸೀಮಿತವಾಗಿ, ಪ್ರತಿ ಕಂತಿಗೂ ಬೇರೆ ಬೇರೆಯಾಗಿ ಇರಬೇಕು. ಹಾಗಿರದಿದ್ದರೆ ಗ್ರಾಹಕನ ಮಟ್ಟಿಗೆ ಅದು ಅಸಿಂಧು.

ಸಹಿ ನಕಲಿ ಎಂಬ ವಾದವಿದ್ದರೆ, ಬೊನೊದ ತಾರೀಖಿಗಿಂತ ಹಿಂದಿನ ನಿಮ್ಮ ಅಸಲಿ ಸಹಿಗಳನ್ನು ಬ್ಯಾಂಕು, ನೋಟರಿ, ಪಾಸ್‌ಪೋರ್ಟ್ ಕಚೇರಿಗಳಿಂದ ಒಟ್ಟುಮಾಡಿ. ಕನ್ನಡದಲ್ಲಿ ಸಹಿ ಹಾಕುವವರು ಕನ್ನಡದ ಮಾದರಿಗಳನ್ನೇ ಹೆಚ್ಚು ಕೊಡಿ. ತಜ್ಞ ಹೋಲಿಸುವುದು ಲಿಪಿಯ ತಿರುವು, ಕೈಯ ಒತ್ತಡಗಳನ್ನು. ತೀರಿಸಿದ್ದೇನೆ ಎಂಬ ವಾದವಾದರೆ ಬ್ಯಾಂಕ್ ವರ್ಗಾವಣೆಯ ‘ಆಚಿಕ್ಲಮಾ’ ಎಂಬ ವಿವರಣೆಯ ಜಾಗದಲ್ಲಿ ಯಾವ ಬೊನೊ, ಯಾವ ತಿಂಗಳ ಬಾಡಿಗೆ ಎಂದು ಬರೆದದ್ದೇ ನಿಮ್ಮನ್ನು ಕಾಯುತ್ತದೆ. ಆ ಜಾಗವನ್ನು ಖಾಲಿ ಬಿಡುವ ಅಭ್ಯಾಸವನ್ನು ಇಂದೇ ನಿಲ್ಲಿಸಿ.

8. ಕಟ್ಟಿಯಾಗಿದ್ದರೆ: ‘ಇಸ್ತಿರ್ದಾತ್’ ದಾವೆ

ಸಾಲವಿಲ್ಲವೆಂಬ ದಾವೆ ನಡೆಯುತ್ತಿರುವಾಗಲೇ ಹಣ ವಸೂಲಾಗಿಬಿಟ್ಟರೆ ಹೊಸ ದಾವೆ ಬೇಡ. ಅದೇ ದಾವೆ ಹಣ ವಾಪಸಾತಿಯ ದಾವೆಯಾಗಿ ಮುಂದುವರಿಯುತ್ತದೆ. ದಾವೆಯೇ ಇಲ್ಲದೆ ಕಟ್ಟಿದ್ದರೆ ‘ಇಸ್ತಿರ್ದಾತ್’ ಎಂಬ ವಾಪಸಾತಿ ದಾವೆ ಹೂಡಬೇಕು. ಅಮಲ್ಜಾರಿಯ ಒತ್ತಡದಲ್ಲಿ, ಅಂದರೆ ಆಕ್ಷೇಪಿಸದೆ ಆದೇಶ ಅಂತಿಮವಾದ ಮೇಲೆ ಅಥವಾ ಆಕ್ಷೇಪಣೆಯನ್ನು ನ್ಯಾಯಾಲಯ ತೆಗೆದುಹಾಕಿದ ಮೇಲೆ, ಹಣವನ್ನು ಪೂರ್ತಿ ಕಟ್ಟಿರಬೇಕು. ಹಾಗೆ ಕಟ್ಟಿ ಮುಗಿದ ದಿನದಿಂದ 1 ವರ್ಷದೊಳಗೆ ದಾವೆ ಬರಬೇಕು. ಈ ಒಂದು ವರ್ಷ ಹಕ್ಕನ್ನೇ ಅಳಿಸುವ ಗಡುವು. ಎದುರಾಳಿ ಎತ್ತದಿದ್ದರೂ ನ್ಯಾಯಾಧೀಶರು ತಾವಾಗಿಯೇ ಇದನ್ನು ನೋಡುತ್ತಾರೆ.

ಇಲ್ಲಿ ಒಂದು ಅನುಕೂಲವಿದೆ: ತಪ್ಪು ತಿಳಿವಳಿಕೆಯಿಂದ ಕಟ್ಟಿದೆ ಎಂದು ತೋರಿಸಬೇಕಿಲ್ಲ, ಕೊಡಬೇಕಿರಲಿಲ್ಲ ಎಂದಷ್ಟೇ ತೋರಿಸಿದರೆ ಸಾಕು. ಆದರೆ ನೇರವಾಗಿ ಹೂಡಿದ ವಾಪಸಾತಿ ದಾವೆಯಲ್ಲಿ ಶೇ. 20ರ ಪರಿಹಾರ ಸಿಗುವುದಿಲ್ಲ.

9. ಅಮಲ್ಜಾರಿಯ ಒತ್ತಡವಿಲ್ಲದೆ ಕಟ್ಟಿದ ಹಣ

ಆದೇಶ ಬಂದ ಕೂಡಲೇ, ಆಕ್ಷೇಪಣೆಯ 7 ದಿನಗಳು ಬಾಕಿಯಿರುವಾಗಲೇ ಹೆದರಿ ಕಟ್ಟಿದವರು ಮೇಲಿನ ದಾರಿಯಲ್ಲಿ ಹೋಗುವುದು ಕಷ್ಟ. ಆಕ್ಷೇಪಿಸಿ ನಿಲ್ಲಿಸುವ ಅವಕಾಶ ಕೈಯಲ್ಲೇ ಇತ್ತಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅಂಥವರಿಗೂ, ತಪ್ಪು ಖಾತೆಗೆ ಹಣ ಹಾಕಿದವರಿಗೂ, ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದವರಿಗೂ ಇರುವುದು 6098ನೇ ಸಂಖ್ಯೆಯ ಋಣಬಾಧ್ಯತೆಗಳ ಕಾಯ್ದೆಯ 77ರಿಂದ 82ನೇ ವಿಧಿಗಳು. ಕಾರಣವಿಲ್ಲದೆ ಇನ್ನೊಬ್ಬರ ಹಣದಿಂದ ಲಾಭ ಪಡೆದವನು ಅದನ್ನು ಹಿಂದಿರುಗಿಸಬೇಕು ಎಂಬುದು ಅವುಗಳ ಸಾರ. ತಾನಾಗಿ ಕಟ್ಟಿದವನು ತಾನು ಸಾಲಗಾರನೆಂದು ತಪ್ಪು ತಿಳಿದು ಕಟ್ಟಿದ್ದನ್ನು ಸಾಬೀತು ಮಾಡಬೇಕು. ಹಿಂದಕ್ಕೆ ಕೇಳುವ ಹಕ್ಕಿದೆಯೆಂದು ತಿಳಿದ ದಿನದಿಂದ 2 ವರ್ಷ, ಹೇಗಿದ್ದರೂ ಹಣ ಸಂದ ದಿನದಿಂದ 10 ವರ್ಷ ಅವಧಿ. ಕಾಲಮಿತಿ ಮೀರಿದ ನಿಜವಾದ ಸಾಲವನ್ನು ತೀರಿಸಿದ್ದರೆ ಅದನ್ನು ಹಿಂದಕ್ಕೆ ಕೇಳುವಂತಿಲ್ಲ. ಅನುಮಾನವಿದ್ದೂ ಕಟ್ಟಲೇಬೇಕಾದ ಸ್ಥಿತಿ ಬಂದರೆ, ವರ್ಗಾವಣೆಯ ವಿವರಣೆಯಲ್ಲಿ ‘ಹಕ್ಲಾರಿಮ್ ಸಾಕ್ಲಿ ಕಲ್ಮಾಕ್ ಕಾಯ್ದಿಯ್ಲಾ’, ಅಂದರೆ ನನ್ನ ಹಕ್ಕುಗಳನ್ನು ಕಾಯ್ದಿರಿಸಿಕೊಂಡು, ಎಂದು ಬರೆಯಿರಿ.

10. ಕರ್ನಾಟಕದಲ್ಲಿ ಕೂತು ನಡೆಸುವುದಾದರೆ

ಟರ್ಕಿಯ ವಕೀಲರಿಗೆ ವಕಾಲತ್ತು ಕೊಡಬೇಕು. ಅದನ್ನು ಭಾರತದಲ್ಲಿರುವ ಟರ್ಕಿಯ ದೂತಾವಾಸದಲ್ಲಿ ಮಾಡಿಸಬಹುದು; ಇಲ್ಲವೇ ಇಲ್ಲಿನ ನೋಟರಿಯ ಮುಂದೆ ಮಾಡಿಸಿ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್, ಅಂದರೆ ಹೊರದೇಶದಲ್ಲೂ ಒಪ್ಪುವ ದೃಢೀಕರಣದ ಮುದ್ರೆ, ಹಾಕಿಸಿ, ಅಲ್ಲಿನ ಪ್ರಮಾಣಿತ ಅನುವಾದಕರಿಂದ ತುರ್ಕಿ ಭಾಷೆಗೆ ಅನುವಾದ ಮಾಡಿಸಬೇಕು. ಏಳು ದಿನಗಳ ಗಡುವಿಗೆ ಇದು ಮುಗಿಯುವ ಕೆಲಸವಲ್ಲವಾದ್ದರಿಂದ, ಅಲ್ಲಿ ವ್ಯವಹಾರ ಉಳಿಸಿಕೊಂಡವರು ಊರಿಗೆ ಹೊರಡುವ ಮೊದಲೇ ಅಲ್ಲಿನ ನೋಟರಿಯಲ್ಲಿ ವಕಾಲತ್ತು ಮಾಡಿಸಿಟ್ಟಿರುವುದು ಲೇಸು. ದಾವೆ ಹೂಡುವ ವಿದೇಶಿಯರಿಂದ ನ್ಯಾಯಾಲಯ ಪ್ರತ್ಯೇಕ ಭದ್ರತೆ ಕೇಳುತ್ತದೆ. ಎರಡು ದೇಶಗಳ ನಡುವಿನ ಪರಸ್ಪರತೆಯ, ಅಂದರೆ ಒಂದು ದೇಶದವರಿಗೆ ಇನ್ನೊಂದು ದೇಶ ಕೊಡುವ ಸಮಾನ ರಿಯಾಯಿತಿಯ, ಆಧಾರದ ಮೇಲೆ ವಿನಾಯಿತಿ ಕೇಳುವುದನ್ನು ನಿಮ್ಮ ವಕೀಲರಿಗೆ ನೆನಪಿಸಿ.

ವಕಾಲತ್ತಿನ ಒಕ್ಕಣೆಯನ್ನು ಓದದೆ ಸಹಿ ಮಾಡಬೇಡಿ. ರಾಜಿಗೆ, ದಾವೆ ಬಿಟ್ಟುಕೊಡುವುದಕ್ಕೆ ಪ್ರತ್ಯೇಕವಾಗಿ ಅಧಿಕಾರ ಬರೆದಿರಬೇಕು. ಕೊಡಲು ಇಷ್ಟವಿಲ್ಲದಿದ್ದರೆ ಆ ಪದಗಳನ್ನು ಹೊಡೆಸಿಹಾಕಿ. ‘ಆಹ್ಜು ಕಬ್ಜ್’ ಎಂಬ ಜೋಡಿಪದವನ್ನೂ ಹುಡುಕಿ. ನಮ್ಮ ಕಬ್ಜೆಯ ದಾಯಾದಿ ಪದವೇ ಅದರಲ್ಲಿದೆ: ಅದಿದ್ದರೆ ಗೆದ್ದ ಹಣವನ್ನು ನಿಮ್ಮ ಪರವಾಗಿ ವಕೀಲರೇ ಪಡೆಯಬಹುದು. ಹಣ ನಿಮ್ಮ ಖಾತೆಗೇ ಬರಬೇಕೆಂದಿದ್ದರೆ ಸಹಿಗೆ ಮೊದಲೇ ಹೇಳಿ ತೆಗೆಸಿ.